ಒಂದು ಚಲೋ ಪಿಸಿ ಐತಿ

ಮನುಷ್ಯನ ತತ್ತ್ವಗಳು ಬಹುಮಟ್ಟಿಗೆ ಅವನ ಮನೆಯ ಮೇಜು ಕುರ್ಚಿಗಳ ಮೇಲೆ ನಿಂತಿರುತ್ತವೆ ಎಂಬುದು ನನ್ನ ಇತ್ತೀಚಿನ ಸಂಶೋಧನೆ. ದೂರದಿಂದ ನೋಡಿದರೆ ಅವು ಆಕಾಶದಿಂದ ಇಳಿದು ಬಂದಂತೆಯೇ ತೋರುತ್ತವೆ. ಸ್ವಲ್ಪ ಬಗ್ಗಿ ನೋಡಿದರೆ ಕೆಳಗೆ ನಾಲ್ಕು ಕಾಲು ಕಾಣುತ್ತವೆ. ಹೈಸ್ಕೂಲಿನಲ್ಲಿ ಜನ್ಮವಿಡೀ ಕನ್ನಡ ವ್ಯಾಕರಣ ಕಲಿಸಿ ನಿವೃತ್ತನಾದ ನಾನು, ವಿಡಿಯೋ ಗೇಮ್ ಆಡುವುದಕ್ಕೆ ಕನ್ಸೋಲ್ ಶ್ರೇಷ್ಠವೋ ಪಿಸಿ ಶ್ರೇಷ್ಠವೋ ಎಂಬ ವಿಷಯದಲ್ಲಿ ಕನ್ಸೋಲಿನ ಪಕ್ಷ ಹಿಡಿದು ಮನೆಯಲ್ಲಿ ಘೋರ ವಾದ ಮಾಡಿದೆನೆಂದರೆ, ಅದಕ್ಕೆ ಕಾರಣ ನನ್ನ ಮೇಜು. ವಾದ ಶುರುವಾದಾಗ ಆ ಎರಡು ವಸ್ತುಗಳಲ್ಲಿ ಯಾವುದು ಹೇಗಿರುತ್ತದೆ ಎಂಬುದೂ ನನಗೆ ಗೊತ್ತಿರಲಿಲ್ಲ. ಅದರಿಂದ ವಾದಕ್ಕೇನೂ ಅಡ್ಡಿಯಾಗಲಿಲ್ಲವೆನ್ನಿ. ಗೊತ್ತಿದ್ದವರು ಮಾತ್ರ ವಾದ ಮಾಡಬೇಕೆಂದಾಗಿದ್ದರೆ ನಮ್ಮ ವಿದ್ಯಾಗಿರಿಯ ಚಹಾದ ಅಂಗಡಿಗಳೆಲ್ಲ ಎಂದೋ ಬಾಗಿಲು ಹಾಕಿಕೊಳ್ಳಬೇಕಾಗುತ್ತಿತ್ತು.

ಪ್ರಕರಣದ ಮೂಲ ನನ್ನ ಮಗಳು ರೇಣುಕಾ. ಇಳಕಲ್ಲಿನ ಒಂದು ಬ್ಯಾಂಕಿನಲ್ಲಿ ಅವಳಿಗೆ ಕೆಲಸ. ಬೆಳಿಗ್ಗೆ ಬಸ್ಸು ಹತ್ತಿ, ಹುನಗುಂದ ದಾಟಿ ಇಳಕಲ್ಲಿಗೆ ಹೋಗಿ, ದಿನವಿಡೀ ಜನರ ಸಹಿಗಳು ಒಂದಕ್ಕೊಂದು ಹೋಲುತ್ತವೆಯೋ ಇಲ್ಲವೋ ಎಂದು ನೋಡಿ, ಸಂಜೆ ಮನೆಗೆ ಬಂದು ಮುಖ ತೊಳೆದು, ಊಟಕ್ಕೆ ಮೊದಲು ಫೋನಿನಲ್ಲಿ ಒಂದಿಷ್ಟು ರಾಕ್ಷಸರನ್ನು ಕೊಲ್ಲುವುದು ಅವಳ ದಿನಚರಿ. ಕೊಲ್ಲುವ ಕೆಲಸ ಮನೆಯಲ್ಲಿ ಶಾಂತಿಯಿಂದಲೇ ನಡೆದಿತ್ತು. ಒಂದು ದಿನ ರೊಟ್ಟಿ ಮುರಿಯುತ್ತ, "ಯಪ್ಪಾ, ಫೋನಿನ್ಯಾಗ ಆಡೂದು ಇನ್ನ ಸಾಕಾತು. ಅರ್ಧಾ ಯುದ್ಧ ನನ್ನ ಹೆಬ್ಬಟ್ಟಿನ ಕೆಳಗ ಮುಚ್ಚಿ ಹೋಗತೈತಿ. ನನ್ನ ಪಗಾರದಾಗ ಒಂದು ಚಲೋ ಮಷೀನ್ ತಗೋತೇನಿ. ಕನ್ಸೋಲ್ ತರ್ಲೋ ಪಿಸಿ ತರ್ಲೋ, ನೀವಿಬ್ಬರೂ ಹೇಳ್ರಿ" ಎಂದಳು.

ಅವಳು ವಿವರಿಸಿದ್ದರಲ್ಲಿ ನನ್ನ ತಲೆಗೆ ಹೋದದ್ದು ಇಷ್ಟು. ಕನ್ಸೋಲ್ ಎಂದರೆ ಟಿವಿಗೆ ಜೋಡಿಸುವ ಒಂದು ಡಬ್ಬಿ. ಗುಂಡಿಗಳಿರುವ ಹಿಡಿಕೆಯೊಂದನ್ನು ಎರಡೂ ಕೈಯಲ್ಲಿ ಹಿಡಿದು, ಗೋಡೆಗೆ ಒರಗಿ ಕೂತು ಆಡುವುದು. ಪಿಸಿ ಎಂದರೆ ಕಂಪ್ಯೂಟರು. ಅದಕ್ಕೆ ತನ್ನದೇ ಪರದೆ, ತನ್ನದೇ ಕೀಲಿಮಣೆ, ಒಳಗೆ ಫ್ಯಾನು. ಬೇಕಾದರೆ ಬಿಚ್ಚಬಹುದು, ಭಾಗ ಬದಲಿಸಬಹುದು, ಮತ್ತೆ ಕೂಡಿಸಬಹುದು. "ಅದನ್ನ ಇಡಾಕ ಒಂದು ದೊಡ್ಡ ಮೇಜು ಬೇಕು" ಎಂದು ಸೇರಿಸಿ ಅವಳು ನನ್ನ ಕಡೆ ನೋಡಲಿಲ್ಲ. ನೋಡಲಿಲ್ಲ ಎಂಬುದರಿಂದಲೇ ನನಗೆ ಎಲ್ಲ ತಿಳಿಯಿತು.

ಮನೆಯಲ್ಲಿ ದೊಡ್ಡ ಮೇಜು ಇರುವುದು ಒಂದೇ. ನಮ್ಮ ಮನೆ ಮೊದಲು ಹಳೆಯ ಬಾಗಲಕೋಟೆಯಲ್ಲಿತ್ತು. ಆಲಮಟ್ಟಿಯ ಹಿನ್ನೀರು ಏರುವ ಮುಂಚೆ ಬಾಗಿಲು, ಚೌಕಟ್ಟು, ತೊಲೆ ಎಲ್ಲ ಕಿತ್ತು ಟ್ರ್ಯಾಕ್ಟರಿಗೆ ಹೇರಿ ಈ ವಿದ್ಯಾಗಿರಿಗೆ ಬಂದೆವು. ಹೇರಿನ ತುದಿಯಲ್ಲಿ, ನಾಲ್ಕೂ ಕಾಲು ಆಕಾಶಕ್ಕೆ ಎತ್ತಿಕೊಂಡು ಬಂದದ್ದು ನನ್ನ ಸಾಗವಾನಿ ಮೇಜು. ಅದರ ಮೇಲೆ ನಾನು ತಲೆಮಾರುಗಟ್ಟಲೆ ಹುಡುಗರ ಸಂಧಿಸಮಾಸಗಳನ್ನು ತಿದ್ದಿದ್ದೇನೆ. ನಿವೃತ್ತಿಯ ನಂತರ ಅಲ್ಲಿ ಕೂತು ಒಂದು ಮಹತ್ತರ ಗ್ರಂಥ ಬರೆಯುವವನಿದ್ದೇನೆ. ಗ್ರಂಥದ ವಿಷಯ ಇನ್ನೂ ನಿಶ್ಚಯವಾಗಿಲ್ಲವಾದ್ದರಿಂದ ಸದ್ಯಕ್ಕೆ ಮಧ್ಯಾಹ್ನದ ಊಟದ ಬಳಿಕ ಅದರ ಮೇಲೆ ತಲೆಯಿಟ್ಟು ಚಿಂತನೆ ಮಾಡುತ್ತೇನೆ. ಚಿಂತನೆಯ ಸಪ್ಪಳ ಪಡಸಾಲೆಯವರೆಗೆ ಕೇಳಿಸುತ್ತದೆಂದು ಹೆಂಡತಿ ಹೇಳುತ್ತಾಳೆ. ಅಂತೂ ಆಲಮಟ್ಟಿಯ ನೀರಿನಿಂದ ಪಾರಾಗಿ ಬಂದ ಮೇಜು ಈಗ ಮಗಳ ಆಟದಲ್ಲಿ ಮುಳುಗಡೆಯಾಗುವ ಕಾಲ ಬಂದಿತ್ತು, ಅದೂ ಪರಿಹಾರದ ಮಾತೇ ಇಲ್ಲದೆ.

ನಾನು ಕೂಡಲೇ ಕಂಠ ಸರಿಮಾಡಿಕೊಂಡೆ. "ನೋಡವಾ, ಒಂದ ಕೆಲಸಕ್ಕ ಹುಟ್ಟಿದ್ದು ಆ ಕೆಲಸ ನೆಟ್ಟಗ ಮಾಡತೈತಿ. ಕನ್ಸೋಲಿಗೆ ಏಕನಿಷ್ಠಾ ಐತಿ. ಈ ಪಿಸಿ ಹಂಗಲ್ಲ. ಅದರಾಗ ಅರ್ಜಿನೂ ಬರೀಬಹುದು, ಆಟಾನೂ ಆಡಬಹುದು. ಅಂಥಾದ್ರ ಮ್ಯಾಲೆ ನಂಬಿಕಿ ಇಡೂದು ಹೆಂಗ?"

ನನ್ನ ಹೆಂಡತಿ ಸಾವಿತ್ರಿ ಪಲ್ಯದ ಸೌಟು ಹಿಡಿದೇ ಎದುರುತ್ತರ ಕೊಟ್ಟಳು. "ಕಂಪ್ಯೂಟರ್ ಅಂದ್ರ ವಿದ್ಯಾ. ಸಾಕ್ಷಾತ್ ಸರಸ್ವತಿ. ಟಿವಿಗೆ ಹಚ್ಚೂ ಡಬ್ಬಿ ಅಂದ್ರ ಬರೇ ಮೋಜು. ಮಾಸ್ತರ ಮನ್ಯಾಗ ಸರಸ್ವತಿ ಬ್ಯಾಡಂದ್ರಂತ, ಮಂದಿ ಕೇಳಿದ್ರ ಏನಂದಾರು?"

ಸರಸ್ವತಿಯ ಮೇಲೆ ಅವಳಿಗೆ ಇಷ್ಟು ಭಕ್ತಿಯಿದೆಯೆಂದು ನನಗೆ ಅದುವರೆಗೆ ಗೊತ್ತಿರಲಿಲ್ಲ. ಕನ್ಸೋಲ್ ಬಂದರೆ ಸಂಜೆಯ ಧಾರಾವಾಹಿಗಳ ಹೊತ್ತಿಗೆ ಟಿವಿ ಕೈತಪ್ಪುತ್ತದೆ ಎಂಬ ಭಯಕ್ಕೂ ಈ ಭಕ್ತಿಗೂ ಸಂಬಂಧ ಕಲ್ಪಿಸುವುದು ಸಜ್ಜನರ ಲಕ್ಷಣವಲ್ಲ. ಆದ್ದರಿಂದ ನಾನು ಅದನ್ನು ಗಟ್ಟಿಯಾಗಿ ಹೇಳಲಿಲ್ಲ. ಹೇಳಿದವಳು ರೇಣುಕಾ. "ನೀ ಮೇಜಿನ ಸಲುವಾಗಿ ಮಾತಾಡ್ತಿ, ಅವ್ವ ಟಿವಿ ಸಲುವಾಗಿ ಮಾತಾಡ್ತಾಳ. ಆಟಾ ಆಡಾಕಿ ಸಲುವಾಗಿ ಮಾತಾಡವ್ರು ಯಾರು?"

ಹೀಗೆ ದಿನಗಳು ಕಳೆದವು. ರೇಣುಕಾ ಬಸ್ಸಿನಲ್ಲಿ ಕೂತು ಏನೇನೋ ಓದಿಕೊಂಡು ಬಂದು, ಚಿತ್ರದ ಸ್ಪಷ್ಟತೆ, ಗುರಿ ಹಿಡಿಯುವ ಚುರುಕು ಇತ್ಯಾದಿ ಕಾರಣಗಳಿಂದ ಪಿಸಿಯ ಕಡೆಗೆ ವಾಲಿದಳು. ನಾನು ಬಲವಾಗಿ ವಿರೋಧಿಸಿದೆ. ಒಂದು ಸಂಜೆ ಈ ವಾದ ಪರಾಕಾಷ್ಠೆಗೆ ಮುಟ್ಟಿದ್ದಾಗ ಸಾವಿತ್ರಿ ಹುನಗುಂದದಲ್ಲಿರುವ ನನ್ನ ಅಕ್ಕ ಗೌರವ್ವನಿಗೆ ಫೋನ್ ಹಚ್ಚಿ, ರೂಢಿಯಂತೆ ಸ್ಪೀಕರ್ ಮೇಲೆ ಇಟ್ಟು, ಹಾಲು ಉಕ್ಕಿತೆಂದು ಒಳಗೆ ಓಡಿದಳು. ಫೋನು ಜಗಲಿಯ ಮೇಲೆ ಬಾಯಿ ತೆರೆದುಕೊಂಡು ಕೂತಿತ್ತು. ಆ ಹೊತ್ತಿನಲ್ಲಿ ಗೌರಕ್ಕನ ಕಿವಿಗೆ ಬಿದ್ದ ಮಾತುಗಳಲ್ಲಿ ಎರಡನ್ನು ಆಮೇಲೆ ಅವಳೇ ಅಕ್ಷರಶಃ ಒಪ್ಪಿಸಿದಳು. ರೇಣುಕಾಳ ದನಿಯಲ್ಲಿ: "ನನಗ ಪಿಸಿನ ಬೇಕು! ಬ್ಯಾರೆ ಯಾವುದೂ ನಾ ಒಪ್ಪಾಂಗಿಲ್ಲ!" ನನ್ನ ದನಿಯಲ್ಲಿ: "ಪಿಸಿ ಈ ಮನಿ ಹೊಸ್ತಿಲಾ ತುಳದ್ರ ನಾ ಸುಮ್ಮನಿರಾಂಗಿಲ್ಲ!"

ಇಲ್ಲಿ ಹೊರಗಿನ ಓದುಗರಿಗೆ ಒಂದು ಟಿಪ್ಪಣಿ ಅಗತ್ಯ. ನಮ್ಮ ಕಡೆ ಪಿಸಿ ಎಂದರೆ ಪೊಲೀಸ್ ಕಾನ್‌ಸ್ಟೇಬಲ್. ಬೇರೆ ಅರ್ಥವೇ ಇಲ್ಲ. ವಿದ್ಯಾಗಿರಿಯ ಗಲ್ಲಿಗೊಂದರಂತಿರುವ ಕೋಚಿಂಗ್ ಕ್ಲಾಸಿನ ಬೋರ್ಡಿನ ಮೇಲೆ ‘ಪಿಸಿ’ ಎಂದು ಬರೆದಿರುತ್ತದೆ. ನಸುಕಿನಲ್ಲಿ ಮೈದಾನದ ಸುತ್ತ ಉಸಿರುಗಟ್ಟಿ ಓಡುವ ಹುಡುಗರನ್ನು ಏನಪ್ಪಾ ಎಂದರೆ "ಪಿಸಿಗೆ ತಯಾರಿ ರೀ" ಎನ್ನುತ್ತಾರೆ. "ಅವರ ಮಗ ಪಿಸಿ ಆದ" ಎಂದರೆ ಓಣಿಗೆಲ್ಲ ಪೇಢೆ ಬರುತ್ತದೆ. ಇಂಥ ನಾಡಿನಲ್ಲಿ ಮದುವೆಗೆ ಬಂದ ಹುಡುಗಿ ತನಗೆ ಪಿಸಿಯೇ ಬೇಕೆಂದು ಚೀರಿದರೆ, ಅಪ್ಪ ಹೊಸ್ತಿಲು ತುಳಿಸೆನೆಂದು ಗರ್ಜಿಸಿದರೆ, ಸೋದರತ್ತೆಯಾದವಳು ತಿಳಿದುಕೊಳ್ಳಬೇಕಾದದ್ದೇನು?

ಎರಡು ದಿನ ಬಿಟ್ಟು ಗೌರಕ್ಕನ ಫೋನ್ ಬಂತು. ಮನೆಯಲ್ಲಿ ನಾನೊಬ್ಬನೇ ಇದ್ದೆ.

"ತಮ್ಮಾ, ಹುಡುಗಿ ಮನಸಿನ್ಯಾಗ ಏನೈತಿ ಅನ್ನೂದು ನನಗ ಗೊತ್ತಾಗೈತಿ. ನೀ ಅಡ್ಡ ಬರಬ್ಯಾಡ. ನನ್ನ ಗುರ್ತಿನ್ಯಾಗ ಒಂದು ಚಲೋ ಪಿಸಿ ಐತಿ."

ಅಕ್ಕನಿಗೆ ಎದುರಾಡುವ ಧೈರ್ಯ ನನಗೆ ಎಂದೂ ಇದ್ದಿಲ್ಲ. "ಎಲ್ಲೈತಿ ಅಕ್ಕಾ?"

"ಸದ್ಯ ಬಾದಾಮ್ಯಾಗ ಐತಿ."

"ಹೊಸಾದೇನು?"

"ತೀರ ಹೊಸಾದಲ್ಲ. ಎರಡು ವರ್ಷ ಸರ್ವಿಸ್ ಆಗೈತಿ."

"ಸರ್ವಿಸ್ ಮಾಡ್ಸಿದ್ರ ಅಡ್ಡಿ ಇಲ್ಲ. ಗ್ಯಾರಂಟಿ?"

"ಸರಕಾರಿ ಐತೋ ಹುಚ್ಚಾ! ಅದಕ್ಕಿಂತ ಗ್ಯಾರಂಟಿ ಯಾವುದು ಬೇಕು ನಿನಗ?"

ಯಾವುದೋ ಕಚೇರಿಯ ಹರಾಜಿನ ಮಾಲು ಎಂದುಕೊಂಡೆ. ಮಗಳು ಕಲಿಸಿದ್ದ ಪ್ರಶ್ನೆಗಳನ್ನು ಒಂದೊಂದಾಗಿ ಕೇಳತೊಡಗಿದೆ. "ಸಪ್ಪಳ ಭಾಳ ಮಾಡತೈತೇನು?"

"ಏ, ಭಾಳ ಶಾಂತ. ಕೂಡು ಅಂದಲ್ಲೆ ಕೂಡತೈತಿ."

"ಬಿಸಿ ಆಗತೈತೇನು?"

"ಡ್ಯೂಟಿ ಹೆಚ್ಚಾದ್ರ ಯಾರಿಗೆ ಆಗಾಂಗಿಲ್ಲ? ಒಂದು ತಂಬಿಗಿ ನೀರು ಕೊಟ್ರ ತಣ್ಣಗಾಗತೈತಿ."

ನೀರಿನಿಂದ ತಂಪು ಮಾಡುವ ಪಿಸಿಗಳೂ ಇರುತ್ತವೆ ಎಂದು ರೇಣುಕಾ ಹೇಳಿದ್ದಳು. ಹುನಗುಂದದಲ್ಲಿ ಕೂತು ಇಷ್ಟು ತಿಳಿದುಕೊಂಡಿರುವ ಅಕ್ಕನ ಮೇಲೆ ನನಗೆ ಗೌರವ ಮೂಡಿತು. "ಎಷ್ಟು ದೊಡ್ಡದೈತಿ ಅಕ್ಕಾ?"

"ಆರು ಫೂಟು."

ನಾನು ಮೇಜಿನ ಕಡೆ ತಿರುಗಿ ನೋಡಿದೆ. "ಆರು ಫೂಟಿಂದು ನನ್ನ ಮೇಜಿನ ಮ್ಯಾಲೆ ಹಿಡಿಯಾಂಗಿಲ್ಲ!"

"ಮೇಜಿನ ಮ್ಯಾಲೆ ಯಾಕ ಕೂಡಸ್ತೀಯೋ? ಕಂಬಳಿ ಹಾಸು. ಆಯಿತವಾರ ಕರ್ಕೊಂಡು ಬರ್ತೇನಿ."

‘ತರ್ತೇನಿ’ ಎನ್ನದೆ ‘ಕರ್ಕೊಂಡು ಬರ್ತೇನಿ’ ಎಂದಾಗಲಾದರೂ ವ್ಯಾಕರಣದ ಮಾಸ್ತರನಾದ ನನಗೆ ಅನುಮಾನ ಬರಬೇಕಿತ್ತು. ಬರಲಿಲ್ಲ. ಮುಖ್ಯ ದ್ರೋಹ ಮಾಡಿದ್ದು ‘ಐತಿ’ ಎಂಬ ಪದ. ನಮ್ಮ ಕಡೆ ಮಮತೆ ಉಕ್ಕಿದರೆ ಮನುಷ್ಯರನ್ನೂ ನಪುಂಸಕಲಿಂಗಕ್ಕೆ ಸೇರಿಸಿಬಿಡುತ್ತೇವೆ: ಹುಡುಗ ಚಲೋ ಐತಿ, ಸೊಸಿ ಶ್ಯಾಣ್ಯಾ ಐತಿ. ಮೂರು ಲಿಂಗಗಳ ವಿಷಯದಲ್ಲಿ ಪಾಠ ಹೇಳಿ ಹೇಳಿ ಗಂಟಲು ಒಣಗಿಸಿಕೊಂಡ ನಾನು ಕೊನೆಗೆ ನಪುಂಸಕಲಿಂಗದ ಕೈಯಲ್ಲಿಯೇ ಸಿಕ್ಕಿಬಿದ್ದೆ.

ಭಾನುವಾರ ಬೆಳಿಗ್ಗೆ ನಾನು ಸ್ನಾನ ಮಾಡಿ, ನನ್ನ ಮೇಜಿನ ತುಂಬ ಹಳೆಯ ಪುಸ್ತಕಗಳನ್ನು ಹರಡಿ, ಒಂದು ಅಂಗುಲ ಜಾಗವೂ ಕಾಣದಂತೆ ಮಾಡಿ ಕೋಟೆ ಕಾಯುತ್ತ ನಿಂತೆ. ಅಕ್ಕ ಹೇಳಿದಂತೆ ಪಡಸಾಲೆಯಲ್ಲಿ ಕಂಬಳಿ ಹಾಸಿದ್ದೆವು. ನಮ್ಮ ಕುರುಬರ ಮನೆಯಲ್ಲಿ ಕಂಬಳಿ ಹಾಸುವುದು ದೇವರಿಗೆ, ಹಿರಿಯರಿಗೆ. ಕಂಪ್ಯೂಟರಿಗೆ ಹಾಸಿದವರಲ್ಲಿ ನಾವೇ ಮೊದಲಿಗರು ಎಂದು ಹೆಮ್ಮೆಪಟ್ಟೆ. ಆಟೋ ಬಂದು ನಿಂತಿತು. ಗೌರಕ್ಕ ಇಳಿದಳು. ಹಿಂದೆ ಒಬ್ಬ ತಾಯಿ ಇಳಿದರು. ಅವರ ಹಿಂದೆ, ಆಟೋದಲ್ಲಿ ಮಡಿಚಿಟ್ಟಿದ್ದವನು ಒಂದೊಂದೇ ಗಂಟು ಬಿಚ್ಚಿಕೊಳ್ಳುವಂತೆ, ಎತ್ತರದ ಹುಡುಗನೊಬ್ಬ ಇಳಿದ. ಹೊರಲು ಕರೆತಂದ ಆಳು ಇರಬೇಕೆಂದು ತಿಳಿದು ನಾನು ಅವನನ್ನು ದಾಟಿ ಆಟೋದೊಳಗೆ ಇಣುಕಿದೆ.

"ಅಕ್ಕಾ, ಪಿಸಿ ಎಲ್ಲೈತಿ?"

"ನಿನ್ನ ಕಣ್ಣಿಗೇನಾಗೈತೋ? ನಿನ್ನ ಮುಂದ ನಿಂತೈತೆಲ್ಲ!"

ಹುಡುಗ ಕೈಮುಗಿದ. "ನಮಸ್ಕಾರ ರೀ ಮಾಸ್ತರ್ರ. ನಾ ಬೀರೇಶ."

ನಾನು ಅವನಿಗೆ ಮರುನಮಸ್ಕಾರ ಮಾಡುವಷ್ಟರಲ್ಲಿ ಒಳಗಿನಿಂದ ರೇಣುಕಾ ಬಂದಳು. ತಲೆಗೆ ಟವೆಲ್ ಸುತ್ತಿತ್ತು. ಬಲಗೈಯಲ್ಲಿ ಸ್ಕ್ರೂಡ್ರೈವರ್ ಇತ್ತು. "ಬಂತೇನು ಅತ್ತಿ? ಹಳೇ ಮಾಲು ನಾ ಹಂಗ ತಗೊಳ್ಳಾಂಗಿಲ್ಲ. ಮೊದಲ ಬಿಚ್ಚಿ ಒಳಗೇನೈತಿ ನೋಡ್ತೇನಿ!"

ಹುಡುಗನ ತಾಯಿ ಮಗನ ತೋಳು ಗಟ್ಟಿಯಾಗಿ ಹಿಡಿದುಕೊಂಡರು.

ಮುಂದಿನ ಕೆಲವು ನಿಮಿಷಗಳಲ್ಲಿ ಎಲ್ಲರೂ ಒಟ್ಟಿಗೆ ಮಾತಾಡಿದ್ದರಿಂದ ಯಾರು ಏನೆಂದರು ಎಂದು ನಿಖರವಾಗಿ ಹೇಳಲಾರೆ. ಕೊನೆಗೆ ಮೇಲೆ ತೇಲಿ ಬಂದದ್ದು ಗೌರಕ್ಕ ಮತ್ತು ರೇಣುಕಾಳ ದನಿ.

"ನೀನ ಅಲ್ಲೇನ ಅಂದಾಕಿ, ಪಿಸಿನ ಬೇಕಂತ?"

"ಅತ್ತೀ, ಅದು ಕಂಪ್ಯೂಟರು!"

"ಮತ್ತ ಫೋನಿನ್ಯಾಗ ನಿಮ್ಮಪ್ಪ ಕಾನ್‌ಸ್ಟೇಬಲ್ ಕಾನ್‌ಸ್ಟೇಬಲ್ ಅಂತಿದ್ದ? ಎರಡೂ ಒಂದ ಅಲ್ಲೇನು, ಯಾಕ ಜಗಳಾಡ್ತಾರಪ್ಪಾ ಅಂತ ನನಗ ಆಗ ಅನಿಸಿತ್ತು."

"ಕಾನ್‌ಸ್ಟೇಬಲ್ ಅಲ್ಲ, ಕನ್ಸೋಲ್!"

ಮೊದಲು ನಕ್ಕವನು ಹುಡುಗ. ಕಂಬಳಿಯ ತುದಿಯಲ್ಲಿ ಕೂತು, ಮುಖಕ್ಕೆ ಕರವಸ್ತ್ರ ಒತ್ತಿಕೊಂಡು, ಭುಜ ಕುಣಿಯುವಂತೆ ನಕ್ಕ. ನಕ್ಕು ಮುಗಿಸಿ ಕಣ್ಣೊರೆಸಿಕೊಂಡು, ಎಲ್ಲರೂ ಅವನು ಎದ್ದು ಹೋಗುತ್ತಾನೆಂದು ಕಾಯುತ್ತಿರುವಾಗ, ಬಹಳ ವಿನಯದಿಂದ ಕೇಳಿದ: "ಒಂದು ಮಾತು ಕೇಳ್ತೇನ್ರಿ ಮೇಡಮ್, ತಪ್ಪು ತಿಳಕೋಬ್ಯಾಡ್ರಿ. ಪಿಸಿ ಯಾಕ್ರಿ? ಕನ್ಸೋಲ್ ಭಾಳ ಚಲೋ ಅಲ್ಲೇನ್ರಿ?"

ರೇಣುಕಾ ಸ್ಕ್ರೂಡ್ರೈವರ್ ಕೆಳಗಿಟ್ಟಳು. "ನೀವು ಸ್ವತಃ ಪಿಸಿ ಆಗಿ ಕನ್ಸೋಲ್ ಪರವಾಗಿ ಮಾತಾಡ್ತೀರಲ್ಲ!"

"ದಿನಾ ಪಿಸಿ ಆಗಿ ಸಾಕಾಗೈತ್ರಿ. ಮಹಾಕೂಟದಾಗ ಬಂದೋಬಸ್ತ್ ಮುಗಿಸಿ, ಬೂಟ್ ಬಿಚ್ಚಿ ಕೂತ್ರ, ಗುಂಡಿ ಒತ್ತಿದ ಕೂಡಲೇ ಆಟ ಶುರು ಆಗಬೇಕ್ರಿ. ಪಿಸಿ ಆದ್ರ ಮೊದಲ ಅದಕ್ಕ ಅಪ್ಡೇಟ್ ಬೇಕು, ಆಮ್ಯಾಲೆ ಅದರ ಕಾರ್ಡ್ ಸಾಲಾಂಗಿಲ್ಲ, ಆಮ್ಯಾಲೆ ಇನ್ನೇನೋ ಕೇಳತೈತಿ. ಠಾಣೆದಾಗ ಸಾಹೇಬ್ರು ಕೇಳಿದಂಗ."

"ಮೌಸ್ ಹಿಡದು ಗುರಿ ಇಟ್ಟಂಗ ನಿಮ್ಮ ಆ ಹಿಡಿಕ್ಯಾಗ ಬರತೈತೇನ್ರಿ? ಹೆಬ್ಬಟ್ಟು ತಿರುವಿ ತಿರುವಿ ಹೊಡೀತೀರಿ. ಕಳ್ಳ ಅಷ್ಟೊತ್ತಿಗೆ ಹುಬ್ಬಳ್ಳಿ ಮುಟ್ಟಿರ್ತಾನ."

"ಖರೆ ಐತ್ರಿ. ಆದ್ರ ಕನ್ಸೋಲ್ ಆದ್ರ ಎರಡು ಹಿಡಿಕಿ ಇರ್ತಾವ್ರಿ. ಇಬ್ಬರು ಒಂದ ಮನ್ಯಾಗ, ಒಂದ ಟಿವಿ ಮುಂದ ಕೂತು ಆಡಬಹುದು."

ಹೇಳಿದ ಮೇಲೆ ತಾನು ಏನು ಹೇಳಿದೆನೆಂದು ಅವನಿಗೇ ಹೊಳೆದಿರಬೇಕು, ಕಿವಿ ಕೆಂಪಾದವು. ಗೌರಕ್ಕ ಸೆರಗಿನ ಹಿಂದಿನಿಂದ "ಅಲಲಾ!" ಎಂದಳು. ರೇಣುಕಾ ಒಳಗೆ ಹೋಗಿ ತಲೆಯ ಟವೆಲ್ ತೆಗೆದು ಬಂದಳು. ಆಮೇಲೆ ಅವರಿಬ್ಬರೂ ಮಾತಾಡಿದ ಭಾಷೆಯಲ್ಲಿ ನನಗೆ ಕ್ರಿಯಾಪದಗಳು ಮಾತ್ರ ಅರ್ಥವಾದವು. ಚಹಾ ಆರಿತು, ಮತ್ತೆ ಬಿಸಿಯಾಗಿ ಬಂತು, ಮತ್ತೆ ಆರಿತು. ಹುಡುಗನ ತಾಯಿ ನನ್ನ ಹೆಂಡತಿಯ ಕಿವಿಯಲ್ಲಿ, "ಇವು ಜಗಳಾಡಾಕತ್ತಾವೋ, ಮಾತಾಡಾಕತ್ತಾವೋ?" ಎಂದು ಕೇಳಿದರು. ಸಾವಿತ್ರಿ, "ನಮ್ಮನ್ಯಾಗ ಎರಡೂ ಒಂದ ಥರಾ ಕಾಣತಾವ್ರಿ" ಎಂದಳು.

ಗಂಡಿನ ಮನೆ ನೋಡಲು ಹೆಣ್ಣಿನವರು ಹೋಗುವುದು ನಮ್ಮ ಪದ್ಧತಿ. ಕೆಲವು ದಿನ ಬಿಟ್ಟು ನಾವು ಬಾದಾಮಿಗೆ ಹೋದದ್ದೂ ಹೆಸರಿಗೆ ಅದಕ್ಕೇ. ರೇಣುಕಾ ಮಾತ್ರ, "ಮದುವಿ ಮಾತು ಯಾರೂ ಎತ್ತಬ್ಯಾಡ್ರಿ. ನಾ ಬರೂದು ಕನ್ಸೋಲ್ ನೋಡಾಕ" ಎಂದು ಬಸ್ಸಿನಲ್ಲಿಯೇ ಎಚ್ಚರಿಸಿದ್ದಳು. ಬಾದಾಮಿಯಲ್ಲಿ ಬೀರೇಶನ ಮನೆ ಚಿಕ್ಕದು, ಚೊಕ್ಕದು. ಕಿಟಕಿಯಿಂದ ಕೆಂಪು ಬಂಡೆ ಕಾಣುತ್ತದೆ. ಬಂಡೆಯಿಂದ ಮಂಗಗಳಿಗೆ ಕಿಟಕಿ ಕಾಣುತ್ತದೆ. ಕೈಗೆ ಸಿಕ್ಕಿದ್ದನ್ನೆಲ್ಲ ಅವು ಒಯ್ಯುತ್ತವೆಂದು ಕನ್ಸೋಲನ್ನು ಕಂಬಳಿಯ ತುಂಡಿನಲ್ಲಿ ಸುತ್ತಿ ಕಪಾಟಿನಲ್ಲಿಟ್ಟಿದ್ದ. ಅದನ್ನು ಹೊರತೆಗೆದ ರೀತಿ ನೋಡಿ ನನ್ನ ಅಕ್ಕ ಕೈಮುಗಿಯಲು ಹೋದಳು.

ಹೆಣ್ಣು ಗಂಡು ಇಬ್ಬರೂ ಒಂದೊಂದು ಹಿಡಿಕೆ ಹಿಡಿದು ಕಾರಿನ ಓಟಕ್ಕೆ ಕೂತರು. ನಾವು ಹಿರಿಯರು ಹಿಂದೆ ಸಾಲಾಗಿ ಕೂತೆವು. ರೇಣುಕಾ ಹಿಡಿಕೆ ಮುಟ್ಟಿದ್ದು ಅದೇ ಮೊದಲು. ಆದರೂ ಅವಳ ಕಾರು ಮುಂದೆ, ಬೀರೇಶನ ಕಾರು ಹಿಂದೆ. ಕಡೆಯ ತಿರುವಿನಲ್ಲಿ ಅವನ ಕಾರು ಯಾವ ಕಾರಣವೂ ಇಲ್ಲದೆ ರಸ್ತೆ ಬಿಟ್ಟು ಒಂದು ಮರಕ್ಕೆ ನಮಸ್ಕಾರ ಮಾಡಿತು. ಅವನ ತಾಯಿ ಸಂತೋಷದಿಂದ ಚಪ್ಪಾಳೆ ತಟ್ಟಿದರು. ರೇಣುಕಾ ಗೆದ್ದಳು, ಗೆದ್ದವಳು ಹಿಡಿಕೆ ನೆಲದ ಮೇಲಿಟ್ಟು ಅವನ ಕಡೆ ತಿರುಗಿದಳು.

"ಬೇಕಂತ ಸೋತ್ರಿ."

"ಇಲ್ರಿ, ಖರೇನ ಜಾರಿತು."

"ಸುಳ್ಳು ಹೇಳಬ್ಯಾಡ್ರಿ. ಹಿಂಗ ನನ್ನ ಖುಷಿ ಮಾಡಾಕ ಬೇಕಂತ ಸೋಲಾವ್ರು ಇದ್ರ ಈ ಮದುವಿ ಆಗಾಂಗಿಲ್ಲ. ಮೊದಲ ಹೇಳೇನಿ."

ಗೌರಕ್ಕ ಮೆಲ್ಲಗೆ, "ಯಾವ ಮದುವಿ ತಂಗೀ?" ಎಂದಳು. ರೇಣುಕಾ ತನ್ನ ಬಾಯಿಂದ ಹೊರಟ ಮಾತು ಎಲ್ಲಿ ಹೋಗಿ ಬಿತ್ತೆಂದು ಹುಡುಕುವವಳಂತೆ ಟಿವಿಯನ್ನೇ ನೋಡುತ್ತಿದ್ದಳು. ಬೀರೇಶ ನೆಲದಿಂದ ಹಿಡಿಕೆಯನ್ನೆತ್ತಿ ಅವಳ ಕೈಗೆ ಕೊಟ್ಟು ಎರಡನೆಯ ಓಟ ಶುರುಮಾಡಿದ. ಶುರುಮಾಡಿ ಅವಳನ್ನು ಎಂಥ ದಯೆಯಿಲ್ಲದೆ ಸೋಲಿಸಿದನೆಂದರೆ, ಅವಳ ಕಾರು ಇನ್ನೂ ಅರ್ಧ ದಾರಿಯಲ್ಲಿರುವಾಗಲೇ ಇವನ ಕಾರಿಗೆ ಹಾರ ಹಾಕಿ ಆಗಿತ್ತು. ಮಗಳ ಮುಖ ಹಾಗೆ ಅರಳಿದ್ದನ್ನು ಅವಳು ಪರೀಕ್ಷೆಗಳಲ್ಲಿ ಪಾಸಾದಾಗಲೂ ನಾನು ಕಂಡಿರಲಿಲ್ಲ. ಗೌರಕ್ಕ ಚೀಲದಿಂದ ಮದುವೆ ಗಟ್ಟಿಯಾದಾಗ ಹಂಚುವ ಸಕ್ಕರೆಯ ಪೊಟ್ಟಣ ತೆಗೆದಳು. ಅದನ್ನು ಹುನಗುಂದದಿಂದಲೇ ಕಟ್ಟಿಕೊಂಡು ಬಂದಿದ್ದಳಂತೆ.

ಹೀಗೆ ಗಂಡನ ಮನೆಯಲ್ಲಿ ಕನ್ಸೋಲ್ ಸಿದ್ಧವಿದ್ದುದರಿಂದ ರೇಣುಕಾ ಪಿಸಿಯನ್ನೇ ಕೊಂಡಳು. ಎರಡೂ ಇದ್ದರೆ ಜಗಳಕ್ಕೆ ಅನುಕೂಲ ಎಂದು ಇಬ್ಬರೂ ಒಪ್ಪಿದ್ದರಂತೆ. ಮದುವೆಗೆ ಇನ್ನೂ ಕೆಲವು ತಿಂಗಳಿತ್ತು. ಅಲ್ಲಿಯವರೆಗೆ ಅದನ್ನು ಎಲ್ಲಿಡುವುದೆಂಬ ಪ್ರಶ್ನೆ ಬಂದಾಗ, ಯಾರೂ ಕೇಳುವ ಮೊದಲೇ ನಾನೇ ಮೇಜು ತೆರವು ಮಾಡಿ ಒರೆಸಿ ಕೊಟ್ಟೆ. ಮಗಳು ಹೊರಟು ನಿಂತಾಗ ಮೇಜಿನ ವಿಷಯದಲ್ಲಿ ಗಟ್ಟಿಯಾಗಿ ನಿಲ್ಲಲು ಯಾವ ತತ್ತ್ವಕ್ಕೂ ಕಾಲು ಬರುವುದಿಲ್ಲ. ಸಾವಿತ್ರಿ ಹೊಸ ಪಿಸಿಗೆ ಮನೆದೇವರು ಬೀರಪ್ಪನ ಭಂಡಾರದ ಅರಿಸಿನಪುಡಿ ಹಚ್ಚಿ ಕಾಯಿ ಒಡೆದಳು. ಅದರ ಫ್ಯಾನು ಭಂಡಾರವನ್ನೆಲ್ಲ ಒಳಗೆಳೆದುಕೊಂಡು ನಮ್ಮ ಮುಖಕ್ಕೇ ಉಗುಳಿತು. ಅಂದಿನ ಫೋಟೋದಲ್ಲಿ ಇಡೀ ಮನೆಯವರು ಹಳದಿಯಾಗಿದ್ದೇವೆ.

ಸಂಜೆಗೆ ಅವಳು ಇಲ್ಲಿ, ಅವನು ಅಲ್ಲಿ, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಒಂದೇ ಆಟಕ್ಕೆ ಇಳಿಯುತ್ತಾರೆ. ನಿಶ್ಚಿತಾರ್ಥವಾದವರು ಗುಟ್ಟಾಗಿ ಪಿಸುಗುಟ್ಟುತ್ತಾರೆಂದು ಕೇಳಿದ್ದೆ. ನಮ್ಮ ಮನೆಯಲ್ಲಿ ಕೇಳಿಸುವುದು, "ರೀ, ಹಿಂದ ನೋಡ್ರಿ! ಗ್ವಾಡಿ ಹಿಂದ ಅಡಗ್ಯಾನ! ನನ್ನ ಬಿಟ್ಟು ಓಡ್ತೀರೇನು? ನಾಚಿಕಿ ಇಲ್ಲೇನ್ರಿ?" ಸಂಸಾರಕ್ಕೆ ಇದಕ್ಕಿಂತ ಒಳ್ಳೆಯ ತಾಲೀಮು ಬೇರೆ ಇರಲಾರದು.

ಹಗಲು ಹೊತ್ತು ಪಿಸಿ ಸುಮ್ಮನೆ ಕೂತಿರುತ್ತದೆ. ಸುಮ್ಮನೆ ಕೂತರೆ ಹಾಳಾಗುತ್ತದೆಯೇ ಎಂದು ನಾನು ಮಗಳನ್ನು ಕೇಳಿದ್ದು ಕೇವಲ ಕಾಳಜಿಯಿಂದ. ಅವಳು ನಕ್ಕು, ಲಾರಿ ಓಡಿಸುವ ಒಂದು ಆಟ ಹಾಕಿಕೊಟ್ಟಳು. ಸ್ಕೂಟರಿಗಿಂತ ದೊಡ್ಡದನ್ನು ಜನ್ಮದಲ್ಲಿ ಓಡಿಸದ ನಾನು ಈಗ ಯಾವುದೋ ಶೀತದೇಶದ ಹೆದ್ದಾರಿಗಳಲ್ಲಿ ಕಟ್ಟಿಗೆ, ಹಾಲು, ಕಬ್ಬಿಣ ಸಾಗಿಸುತ್ತೇನೆ. ಸಾವಿತ್ರಿ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು, ಕ್ಲೀನರ್ ಹುಡುಗನ ಗತ್ತಿನಲ್ಲಿ, "ಹಾರ್ನ್ ಹೊಡೀರಿ, ಹಾರ್ನ್" ಎನ್ನುತ್ತಾಳೆ. ಮಧ್ಯಾಹ್ನದ ಧಾರಾವಾಹಿಯ ಹೊತ್ತು ಮೀರಿದ್ದು ಅವಳಿಗೆ ಎಷ್ಟೋ ಸಲ ಗೊತ್ತಾಗುವುದಿಲ್ಲ.

ಮೊನ್ನೆ ರೇಣುಕಾ ಬಟ್ಟೆ ಜೋಡಿಸುತ್ತ, "ಯಪ್ಪಾ, ಮದುವಿ ಮುಗದ ಮರುದಿನ ಪಿಸಿ ಬಾದಾಮಿಗೆ ಒಯ್ತೇನಿ. ನಿನ್ನ ಮೇಜು ಖುಲ್ಲಾ. ಇನ್ನ ಆರಾಮ ಕೂತು ಗ್ರಂಥ ಬರಿ" ಎಂದಳು. ಸಂತೋಷಪಡಬೇಕಾದ ಸುದ್ದಿ. ನಾನು ಗಂಭೀರವಾಗಿ, ಬಾದಾಮಿಯಲ್ಲಿ ಮಂಗಗಳ ಕಾಟ ವಿಪರೀತವೆಂದೂ, ಒಂದೇ ಮನೆಯಲ್ಲಿ ಕನ್ಸೋಲ್ ಪಿಸಿ ಎರಡೂ ಇರುವುದು ದಾಂಪತ್ಯಕ್ಕೆ ಒಳ್ಳೆಯದಲ್ಲವೆಂದೂ, ಪಿಸಿಯಂಥ ನಾಜೂಕಿನ ವಸ್ತುವನ್ನು ಹಳೆಯ ಗಟ್ಟಿ ಮೇಜಿನಿಂದ ಕದಲಿಸುವುದು ಅಪಾಯವೆಂದೂ ವಿವರಿಸಿದೆ.

"ಕೇಳ್ದೇನ ರೇಣೂ?" ಎಂದಳು ಸಾವಿತ್ರಿ. "ಮಗಳು ಹೋಗ್ಲಿ, ಪಿಸಿ ಇರ್ಲಿ ಅನ್ನೂ ಅಪ್ಪನ್ನ ನಾ ಇವತ್ತ ನೋಡಿದೆ."

ಇದಕ್ಕೆ ನಾನು ತಕ್ಕ ಉತ್ತರ ಕೊಡಬಹುದಾಗಿತ್ತು. ಆದರೆ ಆ ಕ್ಷಣಕ್ಕೆ ನನ್ನ ಎರಡೂ ಕೈ ಖಾಲಿ ಇರಲಿಲ್ಲ; ಮುಂದೆ ಕಡಿದಾದ ತಿರುವು, ಎದುರಿನಿಂದ ಲಾರಿ ಬರುತ್ತಿತ್ತು.